ಮಣ್ಣಾಗದ ಮೀಸೆ

“ಡೂಪ್ ಇಲ್ಲ, ಸೊಂಟಕ್ಕೆ ಕಟ್ಟಿದ ಹಗ್ಗ ಇಲ್ಲ, ಕೆಳಗೆ ಹಾಸಿಗೆ ಇಲ್ಲ!” ಮೇಷ್ಟ್ರು ಕೈಯಲ್ಲಿದ್ದ ಹಾಳೆಯನ್ನು ಕಣ್ಣಿನಿಂದ ದೂರ ಹಿಡಿದು ಓದುತ್ತಿದ್ದರು. “ಅಂಥ ಕಡಿದಾದ ಮೆಟ್ಟಿಲುಗಳ ಮೇಲಿಂದ ಗುಂಡುಮಾಮ ತಾವೇ ಉರುಳಿ ಬಿದ್ದರು. ಬಿದ್ದಲ್ಲೇ ಎದ್ದು ಕೂತು ಮೀಸೆ ತಿರುವಿದರು. ನಗಿಸುವುದಕ್ಕೆ ಎಂಥ ಗುಂಡಿಗೆ ಬೇಕು ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟರು. ಹೇಗಿದೆ ಅಂಟಕ್ಕ, ಪೀಠಿಕೆ?”

ಅಂಟಕ್ಕ ತಲೆ ಎತ್ತಲಿಲ್ಲ. ಮೇಜಿನ ಗಾಜಿನ ಅಡಿಯಲ್ಲಿ ದೀಪ ಉರಿಯುತ್ತಿತ್ತು. ಗಾಜಿನ ಮೇಲೆ ಅದೇ ಗುಂಡುಮಾಮನ ಚಿತ್ರದ ಫಿಲ್ಮು ಮಲಗಿತ್ತು, ಅಂಚಿನ ತೂತುಗಳೆಲ್ಲ ಕಿತ್ತುಹೋಗಿ ಹಲ್ಲು ಮುರಿದ ಬಾಚಣಿಗೆಯ ಹಾಗೆ ಆಗಿತ್ತು. ವಾರದಿಂದ ಅವಳು ಅದಕ್ಕೆ ತೇಪೆ ಹಾಕುತ್ತಿದ್ದಳು.

“ಭಾಷೆ ಚೆನ್ನಾಗಿದೆ ಸರ್,” ಎಂದಳು. “ಬಿದ್ದಿದ್ದು ಮಾತ್ರ ನಮ್ಮಮ್ಮ.”

ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಈ ಮಾತು ಅವರಿಗೆ ಹೊಸದಲ್ಲ. ಒಂದು ಕಾಲದಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಈಗ ಈ ಚಲನಚಿತ್ರ ಸಂಗ್ರಹಾಲಯದ ಮುಖ್ಯಸ್ಥರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವುದು ಅವರ ಹುಟ್ಟುಗುಣ.

“ನೋಡಮ್ಮ, ನಿಮ್ಮ ತಾಯಿ ಸುಳ್ಳು ಹೇಳ್ತಾರೆ ಅಂತ ನಾನು ಅಂತಿಲ್ಲ. ಆದ್ರೆ ಹಳೇ ಕಾಮಿಡಿ ಒಂದೊಂದಕ್ಕೂ ‘ನಾನೇ ಬಿದ್ದೆ, ನಾನೇ ಹಾಡಿದೆ’ ಅನ್ನೋರು ಹತ್ತತ್ತು ಜನ ಸಿಗ್ತಾರೆ. ಪಾಪ, ವಯಸ್ಸಾದೋರು, ಏನೋ ಒಂದು ಆಸೆ. ನಮಗೆ ಆಧಾರ ಅಂತ ಒಂದು ಬೇಕಲ್ವಾ?”

“ಅಮ್ಮನ ಸೊಂಟ ಇದೆಯಲ್ಲ ಸರ್.”

“ಸೊಂಟ ಆಧಾರ ಆಗಲ್ಲಮ್ಮ,” ಎಂದು ಮೇಷ್ಟ್ರು ತಮ್ಮ ಮಾತಿಗೆ ತಾವೇ ನಕ್ಕು, ಹಾಳೆ ಮಡಚಿಕೊಂಡು ಹೊರಟುಹೋದರು.

ಅಂಟಕ್ಕನ ಮೈಯೆಲ್ಲ ಉರಿದುಹೋಯಿತು. ಆ ನಗುವಿಗಿಂತ ಕೆನ್ನೆಗೆ ಒಂದು ಬಾರಿಸಿದ್ದರೆ ವಾಸಿಯಿತ್ತು. ಹರಿದ ಫಿಲ್ಮು ಅಂಟಿಸುವವಳು ಎಂದು ಆಫೀಸಿನವರು ಅವಳಿಗೆ ಅಂಟಕ್ಕ ಎಂದು ಹೆಸರಿಟ್ಟಿದ್ದರು. ಅವಳ ಸಿಟ್ಟೂ ಅಷ್ಟೇ, ಒಂದು ಸಲ ಅಂಟಿದರೆ ಉಗುರು ಹಾಕಿ ಕೆರೆದರೂ ಬಿಡುವುದಿಲ್ಲ ಎಂದು ಬೆನ್ನ ಹಿಂದೆ ತಮಾಷೆ ಮಾಡುತ್ತಿದ್ದರು. ಬೆನ್ನ ಹಿಂದೆ ಎಂದರೂ ಅವಳಿಗೆ ಕೇಳಿಸುವಷ್ಟು ಹತ್ತಿರದಲ್ಲೇ.

ಭಾನುವಾರ ಮಧ್ಯಾಹ್ನ ಸಂಗ್ರಹಾಲಯದ ಸಭಾಂಗಣದಲ್ಲಿ ‘ಎಲ್ಲ ಕಾಲದ ಚಿಕ್ಕ ಚಿತ್ರಗಳು’ ಎಂಬ ಪ್ರದರ್ಶನವಿತ್ತು. ಹೆಸರೇ ಹೇಳುವಂತೆ ಸಿಕ್ಕಿದ್ದನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದ್ದರು. ಮಾತು ಬರುವುದಕ್ಕೆ ಮುಂಚಿನ ಕಾಲದ ಒಂದು ಟೋಪಿ ಕಳವಿನ ಕಥೆ, ಹಲ್ಲುಜ್ಜುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡುವ ಕಾರ್ಟೂನು, ಇಟ್ಟಿಗೆ ಸುಡುವವರ ಮೇಲೆ ಸರ್ಕಾರ ತೆಗೆಸಿದ ಸಾಕ್ಷ್ಯಚಿತ್ರ, ಲಿಫ್ಟಿನಲ್ಲಿ ಸಿಕ್ಕಿಕೊಂಡ ಇಬ್ಬರು ಜಗಳಗಂಟ ನೆರೆಯವರನ್ನು ಕುರಿತು ವಿದ್ಯಾರ್ಥಿಗಳು ಮೊನ್ನೆ ಮೊನ್ನೆ ಮಾಡಿದ ಕಿರುಚಿತ್ರ. ಎಲ್ಲ ಮುಗಿದ ಮೇಲೆ ಕೊನೆಗೆ ಗುಂಡುಮಾಮನ ಕಾಮಿಡಿ. ಗುಂಡುಮಾಮ ಸತ್ತು ಬಹಳ ಕಾಲವಾಗಿತ್ತು. ಅವರ ಮಗನೇ ಮುಖ್ಯ ಅತಿಥಿ. ತಂದೆಯ ವೇಷಭೂಷಣ, ಫೋಟೋ, ಚಿತ್ರಗಳೆಲ್ಲವನ್ನೂ ಸಂಗ್ರಹಾಲಯಕ್ಕೆ ಕೊಡುತ್ತೇನೆಂದು ಆತ ಮಾತು ಕೊಟ್ಟಿದ್ದರಿಂದ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಾಮಿಡಿಯ ಕಥೆ ಇಷ್ಟೆ. ಸಾಹುಕಾರನ ಮನೆಯಲ್ಲಿ ಕದಿಯಲು ಕಳ್ಳನೊಬ್ಬ ನರ್ಸಿನ ವೇಷ ಹಾಕುತ್ತಾನೆ. ಆದರೆ ಮುದ್ದಿನ ಮೀಸೆ ಬೋಳಿಸಲು ಮನಸ್ಸು ಬಾರದೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಗಾಜಿನ ಲೋಟಗಳ ಟ್ರೇ ಹಿಡಿದು ಮಹಡಿಯಿಂದ ಇಳಿಯುವಾಗ ಕಾಲು ಜಾರಿ, ಮೇಲಿಂದ ಕೆಳತನಕ ಉರುಳುತ್ತಾನೆ. ಕೆಳಗೆ ಎದ್ದು ಕೂತಾಗ ಬಾಯಿಯ ಬಟ್ಟೆ ಜಾರುತ್ತದೆ. ಒಂದು ಕೂದಲೂ ಕೊಂಕದ ಮೀಸೆ! ಅದನ್ನೊಮ್ಮೆ ತಿರುವುತ್ತಾನೆ. ಅಜ್ಜಂದಿರು ನಕ್ಕಿದ್ದರು, ಅಪ್ಪಂದಿರು ನಕ್ಕಿದ್ದರು, ಈಗ ಫೋನಿನ ಪರದೆ ಮೇಲೆ ಮೊಮ್ಮಕ್ಕಳು ನಗುತ್ತಿದ್ದರು.

ಆ ಚಿತ್ರ ತೆಗೆಯುವಾಗ ಅಮ್ಮ ಹಿಂದಿನ ಸಾಲಿನಲ್ಲಿ ಕುಣಿಯುವ ಗುಂಪಿನ ಹುಡುಗಿ. ಸ್ಟಂಟಿನ ಗಂಡಸರೆಲ್ಲ ಆ ಮೆಟ್ಟಿಲು ನೋಡಿ ಕೈ ಮುಗಿದು ಹಿಂದೆ ಸರಿದಿದ್ದರು. ಗುಂಡುಮಾಮ ಗಿಡ್ಡ ಆಳು, ಅಮ್ಮನ ಎತ್ತರವೇ. ಬಾಯಿಗೆ ಬಟ್ಟೆ ಬೇರೆ ಇತ್ತು. ಒಂದೇ ಒಂದು ಸಲ ಬೀಳಮ್ಮ, ಮುಂದಿನ ಚಿತ್ರದಲ್ಲಿ ಪಾತ್ರ ಕೊಡಿಸ್ತೀವಿ ಎಂದರಂತೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಅಮ್ಮ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಎಡಗಾಲನ್ನು ಎಳೆದುಕೊಂಡೇ ನಡೆದು, ಮದುವೆಯಾಗಿ, ಮಗಳನ್ನು ಹೆತ್ತು, ಗಂಡನನ್ನು ಕಳೆದುಕೊಂಡು, ಈಗ ಕೋಲು ಹಿಡಿದಿದ್ದಳು. ಮುಂದಿನ ಚಿತ್ರ ಎಂಬುದು ಬರಲೇ ಇಲ್ಲ.

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ. ಇಲ್ಲಿ ಜಟ್ಟಿ ಬೀಳ್ಲೇ ಇಲ್ಲ, ಇನ್ನು ಮೀಸೆ ಮಣ್ಣಾಗೋದು ಎಲ್ಲಿಂದ ಬಂತು?” ಎಂದು ಅಮ್ಮ ಆಗಾಗ ನಗುತ್ತಿದ್ದಳು. ಅದರ ಹಿಂದೆಯೇ ತಪ್ಪದೆ ಇನ್ನೊಂದು ಮಾತು ಸೇರಿಸುತ್ತಿದ್ದಳು. “ಆದ್ರೂ ಮನುಷ್ಯ ಒಳ್ಳೆಯವರು ಕಣೆ. ನಂಗೆ ಪ್ರಜ್ಞೆ ತಪ್ಪಿತ್ತು. ಅಷ್ಟು ದೊಡ್ಡ ನಟ, ತಾವೇ ಎರಡು ಕೈಯಲ್ಲಿ ಎತ್ಕೊಂಡು ಕಾರಿನ ತನಕ ಹೋದ್ರಂತೆ. ‘ಹುಷಾರಮ್ಮ, ಹುಷಾರು’ ಅಂತಿದ್ರಂತೆ.” ಚಿಕ್ಕವಳಿದ್ದಾಗ ಅಂಟಕ್ಕ ಮಲಗುವ ಮುನ್ನ ಕೇಳುತ್ತಿದ್ದದ್ದು ಇದೇ ಕಥೆ. ಅದರಲ್ಲಿ ಬೀಳುವ ಭಾಗಕ್ಕಿಂತ ಎತ್ತಿಕೊಳ್ಳುವ ಭಾಗವೇ ಉದ್ದವಾಗಿರುತ್ತಿತ್ತು. ಗುಂಡುಮಾಮನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಎಂದೂ ಆಗದಿದ್ದದ್ದು ಆ ಎರಡು ಕೈಗಳಿಂದಾಗಿ.

ಅಂದು ಮೇಷ್ಟ್ರು ಹೋದ ಮೇಲೆ ಅವಳು ಕಾಮಿಡಿಯನ್ನು ಪಕ್ಕಕ್ಕಿಟ್ಟು ಇಟ್ಟಿಗೆಯ ಸಾಕ್ಷ್ಯಚಿತ್ರವನ್ನು ಮೇಜಿಗೆ ಎಳೆದುಕೊಂಡಳು. ಇವತ್ತು ಆ ಮೀಸೆಯನ್ನು ಇನ್ನೊಂದು ಗಳಿಗೆ ನೋಡಿದರೂ ಕತ್ತರಿ ಹಾಕಿಬಿಡುತ್ತೇನೆ ಅನ್ನಿಸಿತ್ತು. ಸಾಕ್ಷ್ಯಚಿತ್ರದ್ದು ಸುಲಭದ ಕೆಲಸ. ತಲೆ, ಬಾಲ ಬದಲಾಯಿಸಿದರೆ ಮುಗಿಯಿತು.

ತಲೆ, ಬಾಲ ಎಂದರೆ ರೀಲಿನ ಮೊದಲಿಗೂ ಕೊನೆಗೂ ಅಂಟಿಸುವ ಬೇಡದ ಪಟ್ಟಿ. ಯಂತ್ರಕ್ಕೆ ಸಿಕ್ಕಿಸಲು ಅದು ಬೇಕು, ಪರದೆಯ ಮೇಲೆ ಬರುವುದಿಲ್ಲ. ಆ ಕಾಲದಲ್ಲಿ ಫಿಲ್ಮಿಗೆ ಬರ. ಹೊಸ ಖಾಲಿ ಪಟ್ಟಿಯನ್ನು ಇದಕ್ಕೆಲ್ಲ ಹಾಳು ಮಾಡುವುದೇಕೆಂದು, ಲ್ಯಾಬಿನವರು ನೆಲದ ಮೇಲೆ ಬಿದ್ದ ಬೇಡದ ಶಾಟುಗಳನ್ನೇ ಗುಡಿಸಿ ತಂದು ಅಂಟಿಸುತ್ತಿದ್ದರು. ಯಾವುದೋ ಮದುವೆಯ ದೃಶ್ಯದ ಬಾಲ ಸೇತುವೆಯ ಸಾಕ್ಷ್ಯಚಿತ್ರಕ್ಕೆ, ಯಾವುದೋ ಹೊಡೆದಾಟದ ತಲೆ ಆರೋಗ್ಯ ಇಲಾಖೆಯ ಕಾರ್ಟೂನಿಗೆ. ಹಾಗಾಗಿ ಅಂಟಕ್ಕನ ಕೆಲಸದಲ್ಲಿ ಮೊದಲ ಪಾಠವೇ ಹಳೇ ಬಾಲ ಕತ್ತರಿಸು, ಬುಟ್ಟಿಗೆ ಬಿಸಾಡು, ಹೊಸದು ಹಾಕು. ಅದರಲ್ಲಿ ಏನಿದೆಯೆಂದು ಯಾರೂ ನೋಡುವುದಿಲ್ಲ. ಅವಳೂ ಇಷ್ಟು ವರ್ಷ ನೋಡಿರಲಿಲ್ಲ.

ಅಂದು ನೋಡಿದ್ದೂ ಬೇಕೆಂದಲ್ಲ. ಹಳೆಯ ಅಂಟು ಮೊಂಡು ಹಿಡಿದು ಬಿಡದೆ ಹೋದಾಗ ಬೈದುಕೊಳ್ಳುತ್ತ ಪಟ್ಟಿಯನ್ನು ದೀಪದ ಮೇಲಕ್ಕೆ ಎಳೆದಳು. ಇಟ್ಟಿಗೆ ಹೊತ್ತ ಹೆಂಗಸರ ಸಾಲು ಮುಗಿದಲ್ಲಿ ಒಂದು ಬಿಳಿ ಗೌನು ಕಾಣಿಸಿತು. ಅದರ ಹಿಂದೆ ಮೆಟ್ಟಿಲು. ವಾರದಿಂದ ತೇಪೆ ಹಾಕುತ್ತಿದ್ದ ಮೆಟ್ಟಿಲು ಅವಳಿಗೆ ನಿದ್ದೆಯಲ್ಲೂ ಗುರುತು ಸಿಗುತ್ತಿತ್ತು.

ಪಟ್ಟಿಯನ್ನು ಮೇಜಿನ ಪುಟ್ಟ ಪರದೆಯ ಯಂತ್ರಕ್ಕೆ ಸಿಕ್ಕಿಸಿ ಹಿಡಿಕೆ ತಿರುಗಿಸಿದಳು. ಮಾತಿಲ್ಲ, ಸದ್ದಿಲ್ಲ. ನರ್ಸು ಮೆಟ್ಟಿಲ ಬುಡಕ್ಕೆ ಬಂದು ಬೀಳುತ್ತಾಳೆ. ಏಳುವುದಿಲ್ಲ. ಸುತ್ತ ಗಾಜಿನ ಚೂರು. ಬಾಯಿಯ ಬಟ್ಟೆ ಕಿತ್ತು ಕುತ್ತಿಗೆಗೆ ಬಂದಿದೆ. ಮೀಸೆ ಇಲ್ಲ. ಹದಿಹರೆಯ ದಾಟಿದ ಹುಡುಗಿಯ ಮುಖ. ಮನೆಯ ಗೋಡೆಯ ಮೇಲಿನ ಮದುವೆ ಫೋಟೋದಲ್ಲಿರುವ ಅದೇ ಗಲ್ಲ, ಅದೇ ಅಗಲ ಹಣೆ. ಕ್ಯಾಮೆರಾ ನಿಲ್ಲಿಸಲು ಯಾರಿಗೂ ನೆನಪಾಗಿಲ್ಲ. ಆಗ ಎಡಗಡೆಯಿಂದ ಇನ್ನೊಬ್ಬ ನರ್ಸು ಬರುತ್ತಾನೆ. ಅಂಥದೇ ಗೌನು, ದಪ್ಪ ಮೀಸೆ, ಕಪ್ಪು ಬೂಟು. ಹುಡುಗಿಯನ್ನು ಬಗ್ಗಿ ನೋಡುವುದಿಲ್ಲ. ಚರಂಡಿ ದಾಟುವ ಹಾಗೆ ಗೌನು ಎತ್ತಿಕೊಂಡು ಅವಳನ್ನು ದಾಟುತ್ತಾನೆ. ಯಾರೋ ಇಬ್ಬರು ಬಂದು ಹುಡುಗಿಯ ತೋಳು ಹಿಡಿದು ಪಕ್ಕಕ್ಕೆ ಎಳೆಯುತ್ತಾರೆ. ಅವಳ ಎಡ ಪಾದ ಹೊರಳಬಾರದ ಕಡೆಗೆ ಹೊರಳಿಕೊಂಡು ಹಿಂದೆ ಬರುತ್ತದೆ. ಮೀಸೆಯವನು ಕರವಸ್ತ್ರದಿಂದ ನೆಲ ಒರೆಸಿ, ಅವಳು ಬಿದ್ದಿದ್ದ ಜಾಗದಲ್ಲಿ ಹುಷಾರಾಗಿ ಮಲಗುತ್ತಾನೆ. ಪಟ್ಟಿ ಮುಗಿಯುತ್ತದೆ.

ಅಂಟಕ್ಕ ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದಳು, ಮತ್ತೆ ನೋಡಿದಳು. ಅವಳ ಕಣ್ಣೆಲ್ಲ ಆ ಬೂಟುಗಳ ಮೇಲೆ. ಹುಷಾರಮ್ಮ, ಹುಷಾರು! ಥೂ ನಿನ್ನ ಮೀಸೆಗಿಷ್ಟು ಬೆಂಕಿ ಹಾಕ, ಎಂದು ಗಟ್ಟಿಯಾಗಿಯೇ ಬೈದಳು. ಕಾಲ ಬಳಿಯ ಬುಟ್ಟಿಯಲ್ಲಿ ಬೆಳಗ್ಗೆ ಕತ್ತರಿಸಿ ಬಿಸಾಡಿದ ಬೇರೆ ಬಾಲಗಳು ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ಇಷ್ಟು ವರ್ಷಗಳಲ್ಲಿ ತನ್ನ ಕೈಯಾರೆ ಇನ್ನು ಯಾರ್‍ಯಾರ ಅಮ್ಮಂದಿರನ್ನು ಬಿಸಾಡಿದ್ದೇನೋ ಎಂದುಕೊಂಡು ಬುಟ್ಟಿಯನ್ನು ಮೇಜಿನ ಮೇಲಕ್ಕೆ ಎತ್ತಿಟ್ಟಳು.

ಮೇಷ್ಟ್ರನ್ನು ಕರೆದು ತೋರಿಸಿದಳು. ಅವರು ಕನ್ನಡಕ ಒರೆಸಿಕೊಂಡು ನೋಡಿದರು. ಹಿಡಿಕೆಯನ್ನು ತಾವೇ ತಿರುಗಿಸಿ ಇನ್ನೊಮ್ಮೆ ನೋಡಿದರು.

“ಅಮೂಲ್ಯ,” ಎಂದರು ಕೊನೆಗೆ. “ಅಮೂಲ್ಯವಾದದ್ದು ಅಂಟಕ್ಕ. ನಿಮ್ಮ ತಾಯಿ ನಿಜಾನೇ ಹೇಳಿದ್ದಾರೆ.”

“ಹಾಗಾದ್ರೆ ಪೀಠಿಕೆ ತಿದ್ದಿ ಸರ್.”

“ತಿದ್ದೋಣ. ಖಂಡಿತ ತಿದ್ದೋಣ. ಆದ್ರೆ ಭಾನುವಾರ ಬೇಡ. ಮಗ ಎದುರಿಗೆ ಕೂತಿರ್ತಾರೆ. ಅವರಪ್ಪನ ಮಾನ ತೆಗೆದ್ರೆ ಒಂದು ಅಂಗಿ ಗುಂಡೀನೂ ನಮಗೆ ಕೊಡಲ್ಲ. ಅದೆಲ್ಲ ನಮ್ಮ ಕೈಗೆ ಬರ್ಲಿ, ಆಮೇಲೆ ಸೂಕ್ತ ಸಮಯ ನೋಡ್ಕೊಂಡು ಒಂದು ಲೇಖನಾನೇ ಬರೀತೀನಿ. ನಿಮ್ಮ ತಾಯೀದೂ ಒಂದು ಫೋಟೋ ಹಾಕೋಣ. ಈ ತುಂಡನ್ನ ಒಂದು ಕವರಿಗೆ ಹಾಕಿ ನನಗೆ ಕೊಟ್ಬಿಡಿ, ಭದ್ರವಾಗಿ ಇಟ್ಟಿರ್ತೀನಿ.”

“ಅಮ್ಮನಿಗೆ ಎಪ್ಪತ್ತಾಯ್ತು ಸರ್. ಸೂಕ್ತ ಸಮಯ ಅಂದ್ರೆ ಯಾವಾಗ?”

“ದುಡುಕಬಾರದಮ್ಮ. ಇದು ಇತಿಹಾಸ.”

“ಅಂಚು ಹರಿದಿದೆ. ರಿಪೇರಿ ಮಾಡಿ ಕೊಡ್ತೀನಿ,” ಎಂದಳು ಅಂಟಕ್ಕ. ಇತಿಹಾಸವಂತೆ! ಮೇಷ್ಟ್ರ ಬೀರುವಿಗೆ ಹೋದ ಎಷ್ಟು ಅಮೂಲ್ಯ ವಸ್ತುಗಳು ಹಿಂದಿರುಗಿ ಬೆಳಕು ಕಂಡಿದ್ದವೆಂದು ಅವಳಿಗೆ ಗೊತ್ತಿತ್ತು.

ಮನೆಗೆ ಬಂದರೆ ಅಮ್ಮ ಮಂಚದ ಮೇಲೆ ಕೂತು ಕೋಲಿನ ತುದಿಗೆ ಹೊಸ ರಬ್ಬರು ಸಿಕ್ಕಿಸುತ್ತಿದ್ದಳು. ಭಾನುವಾರ ಬರುತ್ತೇನೆಂದು ವಾರದಿಂದ ಹಠ ಹಿಡಿದಿದ್ದಳು. ಚಿತ್ರ ಬಿಡುಗಡೆಯಾದಾಗ ಅವಳು ಆಸ್ಪತ್ರೆಯಲ್ಲಿದ್ದಳು. ಆಮೇಲೆ ಇಷ್ಟು ವರ್ಷ ನೋಡುವುದಿಲ್ಲವೆಂಬ ಹಠ. ಈಗ ಇದ್ದಕ್ಕಿದ್ದಂತೆ, ಸಾಯೋ ಮುಂಚೆ ಒಂದ್ಸಲ ದೊಡ್ಡ ಪರದೆ ಮೇಲೆ ನಾನು ಬೀಳೋದನ್ನ ನೋಡ್ಬೇಕು ಎನ್ನುತ್ತಿದ್ದಳು.

“ನೀನು ನೋಡಿದೀಯಲ್ಲ ಆ ರೀಲನ್ನ. ನಾನು ಬಿದ್ದಿದ್ದು ಚೆನ್ನಾಗಿದೆಯಾ?” ಎಂದು ಕೇಳಿದಳು.

“ತುಂಬಾ ಚೆನ್ನಾಗಿದೆ ಅಮ್ಮ.”

“ಟ್ರೇನ ಕೊನೇವರೆಗೂ ಬಿಡ್ಲಿಲ್ಲ ನಾನು. ಅದನ್ನ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಬೀಳ್ತಾ ಬೀಳ್ತಾನೇ ಹೊಳೀತು, ಟ್ರೇ ಬಿಟ್ರೆ ನಗು ಬರಲ್ಲ ಅಂತ.” ಅಮ್ಮನ ಮುಖ ಅರಳಿತು. ಆಮೇಲೆ ಎಂದಿನಂತೆ, “ಆದ್ರೂ ಮನುಷ್ಯ ಒಳ್ಳೆಯವರು. ಎರಡು ಕೈಯಲ್ಲಿ…”

“ಗೊತ್ತಮ್ಮ. ಊಟ ಮಾಡು,” ಎಂದು ಅಂಟಕ್ಕ ಸಿಡುಕಿ ಒಳಗೆ ಹೋದಳು.

ಪಾತ್ರೆ ತೊಳೆಯುವಾಗ ಕೈ ನಿಂತು ನಿಂತು ಹೋಗುತ್ತಿತ್ತು. ಆ ತುಂಡು ತೋರಿಸಿದರೆ ಬಿದ್ದವಳು ಅಮ್ಮ ಎಂದು ಲೋಕಕ್ಕೆ ಗೊತ್ತಾಗುತ್ತದೆ. ಆದರೆ ಎತ್ತಿಕೊಂಡವನು ಸುಳ್ಳಾಗುತ್ತಾನೆ. ಅಮ್ಮ ಬದುಕಿನುದ್ದಕ್ಕೂ ಊರಿಕೊಂಡು ನಡೆದದ್ದು ಎರಡೇ ಕೋಲು, ಒಂದು ಕೈಯಲ್ಲಿರುವುದು, ಇನ್ನೊಂದು ಆ ಕಥೆ. ಎಪ್ಪತ್ತನೆಯ ವಯಸ್ಸಿನಲ್ಲಿ ಅದನ್ನು ಕಿತ್ತುಕೊಳ್ಳುವುದು ಮಗಳು ಮಾಡುವ ಕೆಲಸವೇ? ಕವರಿಗೆ ಹಾಕಿ ಮೇಷ್ಟ್ರಿಗೆ ಕೊಟ್ಟುಬಿಡುವುದೇ ವಾಸಿ ಎಂದು ಅಂದುಕೊಂಡು ಮಲಗಿದಳು.

ಕೊಡುವ ಮನಸ್ಸೇ ಇತ್ತು ಅವಳಿಗೆ. ಭಾನುವಾರ ಬೆಳಗ್ಗೆ ಸಂಗ್ರಹಾಲಯದ ಬಾಗಿಲಲ್ಲಿ ಆಳೆತ್ತರದ ಕಟೌಟು ನೋಡುವವರೆಗೂ ಇತ್ತು. ನರ್ಸಿನ ಗೌನು ತೊಟ್ಟ ಗುಂಡುಮಾಮ ಮೀಸೆ ತಿರುವುತ್ತ ನಿಂತಿದ್ದ. ಕಾಲ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ‘ಡೂಪ್ ಇಲ್ಲದ ಧೀರ.’ ಮೇಷ್ಟ್ರು ಗೊತ್ತಿಲ್ಲದೆ ಬರೆಸಿದ್ದಲ್ಲ, ತುಂಡನ್ನು ಕಣ್ಣಾರೆ ನೋಡಿದ ಮೇಲೆ ಬರೆಸಿದ್ದು. ಬಣ್ಣ ಇನ್ನೂ ಒಣಗಿರಲಿಲ್ಲ.

ಅಂಟಕ್ಕ ನೇರವಾಗಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಮಿಡಿಯ ರೀಲನ್ನು ಬಿಚ್ಚಿ, ಬೀಳುವ ಶಾಟು ಮುಗಿದು ಮೀಸೆ ಕಾಣಿಸುವ ಶಾಟು ಶುರುವಾಗುವ ಜಾಗ ಹುಡುಕಿ, ಅಲ್ಲಿ ಕತ್ತರಿಸಿದಳು. ತುಂಡನ್ನು ನಡುವೆ ಇಟ್ಟಳು. ಎರಡು ಕಡೆಯೂ ಕೆರೆದು, ಅಂಟು ಸವರಿ, ಒತ್ತಿ ಹಿಡಿದಳು. ಅಷ್ಟು ಅಚ್ಚುಕಟ್ಟಾಗಿ ಅವಳು ಹಿಂದೆಂದೂ ಅಂಟಿಸಿರಲಿಲ್ಲ.

ಸಭಾಂಗಣದ ಮೇಲಿನ ಯಂತ್ರದ ಕೋಣೆಯಲ್ಲಿ ಆಪರೇಟರಣ್ಣ ರೀಲುಗಳನ್ನು ಜೋಡಿಸುತ್ತಿದ್ದ. ಕಣ್ಣು ಸ್ವಲ್ಪ ಮಂದ, ಬೆರಳು ಚುರುಕು. ಕಾಮಿಡಿಯ ರೀಲಿನ ಅಂಚಿನ ಮೇಲೆ ಬೆರಳಾಡಿಸುತ್ತ ಹೋದವನು ಒಂದು ಕಡೆ ನಿಂತ.

“ಇಲ್ಲೇನೋ ಹೊಸ ಅಂಟು ಇದೆಯಲ್ಲ ಅಂಟಕ್ಕ. ಹತ್ತಿರದಲ್ಲೇ ಇನ್ನೊಂದು.”

“ಇದೆ.”

“ಮೇಷ್ಟ್ರಿಗೆ ಗೊತ್ತಾ?”

“ಇಲ್ಲ.”

ಆಪರೇಟರಣ್ಣ ಅವಳ ಮುಖ ನೋಡಿದ. “ಓಡಿಸ್ಲಾ?”

“ಓಡ್ಸಣ್ಣ.”

ಸಭಾಂಗಣ ತುಂಬಿತ್ತು. ಮಕ್ಕಳು, ಮುದುಕರು, ಕೈಯಲ್ಲಿ ಪುಸ್ತಕ ಹಿಡಿದ ಕಾಲೇಜಿನವರು. ಮೊದಲ ಸಾಲಿನ ಅಂಚಿನಲ್ಲಿ ಗುಂಡುಮಾಮನ ಮಗ ಕೂತಿದ್ದರು, ಅಪ್ಪನದೇ ಮೀಸೆ, ನರೆತಿತ್ತು ಅಷ್ಟೆ. ಅಮ್ಮ ನಡುವಿನ ಸಾಲಿನಲ್ಲಿ ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತಿದ್ದಳು. ಮೇಷ್ಟ್ರು ಪೀಠಿಕೆಯನ್ನು ಒಂದಕ್ಷರವೂ ಬಿಡದೆ ಓದಿದರು. ‘ಡೂಪ್ ಇಲ್ಲ’ ಎಂದಾಗ ಜನ ಚಪ್ಪಾಳೆ ತಟ್ಟಿದರು. ಅಮ್ಮನ ಕೈ ಮಾತ್ರ ಕೋಲಿನ ಹಿಡಿಕೆ ಬಿಡಲಿಲ್ಲ.

ಟೋಪಿ ಕಳವಾಯಿತು, ಸಿಕ್ಕಿತು. ಹಲ್ಲುಗಳು ಹಾಡಿದವು. ಇಟ್ಟಿಗೆಯ ಹೆಂಗಸರು ಬಿಸಿಲಲ್ಲಿ ಸಾಲಾಗಿ ನಡೆದುಹೋದಾಗ ಹಿಂದಿನ ಸಾಲಿನವರು ಆಕಳಿಸಿದರು, ಕೆಲವರು ಫೋನು ತೆಗೆದರು. ಲಿಫ್ಟಿನ ಜಗಳಗಂಟರು ಕೊನೆಗೆ ರಾಜಿಯಾದರು. ಆಮೇಲೆ ಗುಂಡುಮಾಮ ಬಂದದ್ದೇ ತಡ, ಸಭಾಂಗಣ ಸೀಟಿಯಿಂದ ತುಂಬಿತು.

ಮೆಟ್ಟಿಲು ಬಂತು. ಟ್ರೇ ಬಂತು. ಕಾಲು ಜಾರಿತು. ಬಿಳಿ ಗೌನು ಮಗುಚಿ ಮಗುಚಿ ಇಳಿಯುವಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಬೇಕಾದ್ದೇ, ಅಷ್ಟು ಚೆನ್ನಾಗಿ ಬಿದ್ದಿದ್ದಳು ಅಮ್ಮ. ಅಂಟಕ್ಕ ಯಂತ್ರದ ಕೋಣೆಯ ಕಿಂಡಿಯ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಯಂತ್ರದಲ್ಲಿ ಅವಳ ಅಂಟು ಟಕ್ ಎಂದು ಹಾದುಹೋಯಿತು.

ಸದ್ದು ನಿಂತಿತು. ಪರದೆಯ ಮೇಲೆ ನರ್ಸು ಬಿದ್ದೇ ಇದ್ದಳು. ಹುಡುಗಿಯ ಮುಖ ಕಂಡಾಗ ನಗು ಒಮ್ಮೆ ತಡವರಿಸಿತು. ಈಗ, ಎಂದುಕೊಂಡಳು ಅಂಟಕ್ಕ, ಈಗ ತಿಳಿಯುತ್ತದೆ ಇವರಿಗೆ. ಅಷ್ಟರಲ್ಲಿ ಎಡಗಡೆಯಿಂದ ಮೀಸೆಯ ನರ್ಸು ಬಂದ. ಅಲ್ಲಿಗೆ ಮುಗಿಯಿತು. ಒಬ್ಬಳ ಜಾಗದಲ್ಲಿ ಇಬ್ಬರು ನರ್ಸುಗಳು! ಚಾವಣಿ ಹಾರಿಹೋಗುವಂತೆ ನಕ್ಕರು. ಅವನು ಗೌನು ಎತ್ತಿ ದಾಟಿದ್ದಕ್ಕೆ ನಕ್ಕರು, ಹುಡುಗಿಯನ್ನು ಎಳೆದದ್ದಕ್ಕೆ ನಕ್ಕರು, ಹೊರಳಿದ ಪಾದಕ್ಕೂ ನಕ್ಕರು. ನೆಲ ಒರೆಸಿ ಮಲಗಿದಾಗ ಮಕ್ಕಳು ಕುರ್ಚಿಯ ಮೇಲೆ ಎದ್ದು ಕುಣಿದರು. ಎರಡನೆಯ ಅಂಟು ಹಾದುಹೋಯಿತು, ಸದ್ದು ಮರಳಿ ಬಂತು, ಗುಂಡುಮಾಮ ಎದ್ದು ಕೂತು ಮೀಸೆ ತಿರುವಿದ. ಅಷ್ಟು ದೊಡ್ಡ ನಗು ಆ ಮೀಸೆಗೆ ಅದು ಬದುಕಿದ್ದಾಗಲೂ ಸಿಕ್ಕಿರಲಾರದು.

ಅಂಟಕ್ಕ ಗಾಜಿಗೆ ಮುಷ್ಟಿಯಿಂದ ಗುದ್ದಿದಳು. ಕೆಳಗಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಆಪರೇಟರಣ್ಣ ಅವಳ ಕಡೆ ನೋಡಲಾರದೆ ಯಂತ್ರದ ಕಡೆ ತಿರುಗಿಕೊಂಡ. ಚಿತ್ರ ಮುಗಿದು ದೀಪ ಹತ್ತಿದಾಗ ಮೇಷ್ಟ್ರು ಆಗಲೇ ಮೈಕಿನ ಮುಂದೆ ಇದ್ದರು. ಮುಖದಲ್ಲಿ ಬೆವರು, ಬಾಯಲ್ಲಿ ಬೆಣ್ಣೆ.

“ಸ್ನೇಹಿತರೇ, ಇದು ನಮ್ಮ ಸಂಗ್ರಹಾಲಯದ ಕಡೆಯಿಂದ ನಿಮಗೊಂದು ಪುಟ್ಟ ಅಚ್ಚರಿ! ಚಿತ್ರೀಕರಣದ ಬಿಡುವಿನಲ್ಲಿ ಗುಂಡುಮಾಮ ಸಹಕಲಾವಿದೆಯ ಜೊತೆ ಮಾಡಿದ ತುಂಟಾಟ. ಈವರೆಗೆ ಯಾರೂ ಕಂಡಿರದ ತುಣುಕು!”

ಚಪ್ಪಾಳೆ ಬಿತ್ತು. ಅಂಟಕ್ಕ ಕಬ್ಬಿಣದ ಮೆಟ್ಟಿಲನ್ನು ದಡದಡನೆ ಇಳಿದು ಸಭಾಂಗಣದ ಬಾಗಿಲು ತಳ್ಳಿದಳು. ಆ ಮೈಕನ್ನು ಕಿತ್ತು ಅವರ ಬಾಯಿಗೇ ತುರುಕುವುದೊಂದೇ ಅವಳ ತಲೆಯಲ್ಲಿದ್ದದ್ದು. ಆದರೆ ಅವಳಿಗಿಂತ ಮುಂಚೆ ಅಮ್ಮ ಎದ್ದು ನಿಂತಿದ್ದಳು.

“ತುಂಟಾಟ ಅಲ್ಲ ಅದು,” ಎಂದಳು. ಮನೆಯಲ್ಲಿ ಪಕ್ಕದ ಕೋಣೆಯಿಂದ ಕೂಗಿ ಕರೆಯುವಾಗಿನ ದನಿ, ಮೈಕು ಬೇಕಿರಲಿಲ್ಲ. “ಆ ಹುಡುಗಿ ನಾನು. ಬಿದ್ದಿದ್ದು ನಾನು, ಎದ್ದಿದ್ದು ಅವರು.”

ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಹೊರಟು, ಜೊತೆಗೆ ಯಾರೂ ಬರದಿದ್ದಾಗ ಕೈ ಕೆಳಗಿಳಿಸಿದರು. ಅಮ್ಮ ಸಾಲಿನಿಂದ ಹೊರಬಂದು ನಡುವಿನ ದಾರಿಯಲ್ಲಿ ನಡೆಯತೊಡಗಿದಳು. ಬಾಗಿಲ ಕಡೆಗಲ್ಲ, ಮುಂದಕ್ಕೆ, ಪರದೆಯ ಕಡೆಗೆ. ಕೋಲಿನ ರಬ್ಬರಿಗೆ ಸದ್ದಿಲ್ಲ. ಎಡಗಾಲು ನೆಲ ಉಜ್ಜುವ ಸದ್ದು ಮಾತ್ರ ಕೊನೆಯ ಸಾಲಿನವರೆಗೂ ಕೇಳಿಸುತ್ತಿತ್ತು. ಈಗಷ್ಟೇ ನಕ್ಕವರು ಆ ಕಾಲನ್ನೂ ಖಾಲಿ ಪರದೆಯನ್ನೂ ನೋಡುತ್ತಿದ್ದರು. ಮಗುವೊಂದು “ಅಜ್ಜೀ, ನಿಮಗೆ ನೋವಾಯ್ತಾ?” ಎಂದಿತು, ತಾಯಿ ಅದರ ಬಾಯಿ ಮುಚ್ಚಿದಳು. “ಆಯ್ತು ಪುಟ್ಟಾ,” ಎಂದಳು ಅಮ್ಮ, ನಿಲ್ಲದೆ.

ಮೊದಲ ಸಾಲಿನ ಅಂಚಿಗೆ ಬಂದಾಗ ಗುಂಡುಮಾಮನ ಮಗ ದಾರಿಗೆ ಚಾಚಿದ್ದ ಕಾಲನ್ನು ತಟ್ಟನೆ ಹಿಂದಕ್ಕೆಳೆದುಕೊಂಡರು. “ಅಪ್ಪ ನಮಗೆ ಯಾವತ್ತೂ ಹೇಳ್ಲಿಲ್ಲ,” ಎಂದರು.

“ನಿಮ್ಮಪ್ಪ ಯಾಕೆ ಹೇಳ್ತಾರಪ್ಪ?” ಎಂದಳು ಅಮ್ಮ. ಅವರು ತಲೆ ತಗ್ಗಿಸಿದರು. ಮೇಷ್ಟ್ರು ಮೈಕಿನಲ್ಲಿ ಏನೋ ಹೇಳಲು ಹೋಗಿ ಕೆಮ್ಮಿದರು. ಕಾರ್ಯಕ್ರಮ ಹಾಗೆಯೇ, ವಂದನಾರ್ಪಣೆಯಿಲ್ಲದೆ, ಮುಗಿದುಹೋಯಿತು.

ಯಂತ್ರದ ಕೋಣೆಗೆ ಕರೆದುಕೊಂಡು ಹೋಗು ಎಂದು ಅಮ್ಮ ಹಠ ಹಿಡಿದಳು. ಕಬ್ಬಿಣದ ಮೆಟ್ಟಿಲನ್ನು ಒಂದೊಂದಾಗಿ, ಬಲಗಾಲಿಟ್ಟು ಎಡಗಾಲು ಎತ್ತಿಕೊಂಡು ಹತ್ತಿದಳು. ಅಂಟಕ್ಕ ಹಿಂದೆ ಕೈ ಚಾಚಿಕೊಂಡೇ ಬಂದಳು, ಮುಟ್ಟಲು ಧೈರ್ಯವಾಗಲಿಲ್ಲ. ಮೇಷ್ಟ್ರು ಅವರಿಗಿಂತ ಮುಂಚೆ ಅಲ್ಲಿ ಸೇರಿದ್ದರು.

“ಎಂಥ ಕೆಲ್ಸ ಮಾಡಿದ್ರಿ! ನಾಳೆ ಇದಕ್ಕೆ ಉತ್ತರ ಕೊಡ್ಬೇಕಾಗುತ್ತೆ, ನೆನಪಿರ್ಲಿ,” ಎಂದು ಅವರು ಮೊದಲ ಬಾರಿಗೆ ದನಿ ಎತ್ತಿದರು. “ಈಗ್ಲೇ ಕತ್ತರಿಸಿ ಆ ತುಂಡನ್ನ ನನ್ನ ಕೈಗೆ ಕೊಡಿ.”

“ರೀಲು ಕಾದಿದೆ ಸಾರ್, ಮುಟ್ಬೇಡಿ, ಕೈ ಸುಡುತ್ತೆ,” ಎಂದ ಆಪರೇಟರಣ್ಣ. ರೀಲು ತಣ್ಣಗಿತ್ತು.

“ಉತ್ತರ ತಾನೇ? ಕೊಡ್ತೀನಿ ಸರ್,” ಎಂದಳು ಅಂಟಕ್ಕ. “ನೀವು ಮೊದ್ಲು ಹೋಗಿ ಬಾಗಿಲಲ್ಲಿರೋ ಆ ಕಟೌಟು ಇಳಿಸಿ.”

ಮೇಷ್ಟ್ರು ಮೂವರ ಮುಖವನ್ನೂ ಸರದಿಯಂತೆ ನೋಡಿ, ಬಂದ ದಾರಿಗೆ ಸುಂಕವಿಲ್ಲವೆಂದು ಇಳಿದು ಹೋದರು.

ಅಂಟಕ್ಕ ಸ್ಟೂಲು ಎಳೆದು ಅಮ್ಮನನ್ನು ಕೂರಿಸಿದಳು. ಸಿಟ್ಟೆಲ್ಲ ಇಳಿದುಹೋಗಿ ಈಗ ಹೆದರಿಕೆಯೊಂದೇ ಉಳಿದಿತ್ತು. “ಅಮ್ಮ, ನಾನು ನಿನಗೆ ಮೊದ್ಲೇ ಹೇಳ್ಬೇಕಿತ್ತು. ಅವರು ಎತ್ಕೊಂಡು ಹೋಗ್ಲಿಲ್ಲ. ಯಾರೋ ನಿನಗೆ ಸುಳ್ಳು ಹೇಳಿದ್ದಾರೆ.”

“ಯಾರೂ ಹೇಳ್ಲಿಲ್ಲ,” ಎಂದಳು ಅಮ್ಮ. “ನಂಗೆ ಪ್ರಜ್ಞೆ ತಪ್ಪಿರ್ಲಿಲ್ಲ ಕಣೆ. ದಾಟುವಾಗ ಅವನ ಗೌನಿನ ಅಂಚು ನನ್ನ ಮೂಗಿಗೆ ತಾಗ್ತು. ಸೋಪಿನ ವಾಸನೆ ಇತ್ತು.”

ಅಮ್ಮ ಗುಂಡುಮಾಮನನ್ನು ‘ಅವನು’ ಎಂದದ್ದನ್ನು ಅಂಟಕ್ಕ ಮೊದಲ ಸಲ ಕೇಳಿದ್ದು.

“ಮತ್ತೆ ಇಷ್ಟು ವರ್ಷ… ಎರಡು ಕೈಯಲ್ಲಿ, ಹುಷಾರಮ್ಮ ಅಂತ…”

“ನಿನಗೆ ಹುಟ್ಟಿದಾಗಿನಿಂದ ಮೂಗಿನ ತುದೀಲಿ ಸಿಟ್ಟು. ಒಂದೇ ಮನೇಲಿ ಇಬ್ಬರೂ ಉರಿದ್ರೆ ನೀರು ಹಾಕೋರು ಯಾರು ಅಂತ ಒಂದು ಕಥೆ ಮಾಡ್ದೆ. ಹೇಳ್ತಾ ಹೇಳ್ತಾ ನಂಗೂ ಒಂದಿಷ್ಟು ನಿದ್ದೆ ಬರ್ತಿತ್ತು.” ಅಮ್ಮ ಕೈ ಚಾಚಿದಳು. “ತಾ ಇಲ್ಲಿ, ನೋಡೋಣ.”

ಅಂಟಕ್ಕ ರೀಲನ್ನು ಬಿಚ್ಚಿ ಆ ಭಾಗವನ್ನು ದೀಪದ ಮೇಲೆ ಹರಡಿದಳು, ಅಮ್ಮನ ಕೈಗೆ ಭೂತಗನ್ನಡಿ ಕೊಟ್ಟಳು. ಅಮ್ಮ ಬಗ್ಗಿ ಬಹಳ ಹೊತ್ತು ನೋಡಿದಳು. ಬೆರಳಿನಿಂದ ಅಂಟಿನ ಗೆರೆಯನ್ನು ಸವರಿದಳು.

“ಗಟ್ಟಿಯಾಗಿದೆಯಾ ಇದು?”

“ಫಿಲ್ಮು ಹರಿದೀತು, ಅಂಟು ಬಿಡಲ್ಲ.”

“ಹಾಗಾದ್ರೆ ಇಲ್ಲೇ ಇರ್ಲಿ. ತೆಗೀಬೇಡ.” ಭೂತಗನ್ನಡಿಯನ್ನು ಮಗಳ ಕೈಗೆ ವಾಪಸು ಕೊಟ್ಟಳು. “ನೀನು ಅವನ ಬೂಟನ್ನೇ ನೋಡಿರ್ತೀಯ. ನನ್ನ ಕಣ್ಣು ನೋಡು.”

ಅಂಟಕ್ಕ ಬಗ್ಗಿದಳು. ಗಾಜಿನ ಚೂರುಗಳ ನಡುವೆ ಅಕ್ಕಿಕಾಳಿನಷ್ಟು ಮುಖ. ಫಿಲ್ಮಿನ ಒಂದು ಚೌಕದಲ್ಲಿ ಕಣ್ಣು ಬರುತ್ತಿದ್ದ ಬೂಟಿನ ಕಡೆಗಿತ್ತು. ಮುಂದಿನವುಗಳಲ್ಲಿ ಮೇಲೆ ಹಾಯುವ ಗೌನಿನ ಕಡೆಗೆ, ಅದರ ಮುಂದಿನವುಗಳಲ್ಲಿ ಮೀಸೆಯ ಕಡೆಗೆ. ತೋಳು ಹಿಡಿದು ಎಳೆಯುವಾಗಲೂ ಆ ಕಣ್ಣುಗಳು ಮೀಸೆಯನ್ನೇ ಹಿಂಬಾಲಿಸುತ್ತಿದ್ದವು. ಅವಳು ಪಟ್ಟಿಯನ್ನು ಮೆಲ್ಲಗೆ ಸರಿಸುತ್ತ ಕೊನೆಯವರೆಗೂ ನೋಡಿದಳು. ಒಂದು ಚೌಕದಲ್ಲೂ ಅವು ಮುಚ್ಚಿರಲಿಲ್ಲ.